ರಸ್ತೆ ಚೆನ್ನಾದ ಮೇಲೆ ಸಾವು ಹೆಚ್ಚಿದ್ದೇಕೆ?

ಪ್ರಶ್ನೆ: ನಮ್ಮದು ಹೆದ್ದಾರಿಯ ಎರಡೂ ಬದಿಗೆ ಹಬ್ಬಿರುವ ಸಣ್ಣ ಪಟ್ಟಣ. ಮೂರು ವರ್ಷಗಳ ಹಿಂದಿನವರೆಗೆ ಅದು ಗುಂಡಿ ಬಿದ್ದ, ಇಕ್ಕಟ್ಟಾದ ಎರಡು ಪಥದ ರಸ್ತೆಯಾಗಿತ್ತು. ಈಗ ನಾಲ್ಕು ಪಥ, ನುಣುಪಾದ ಡಾಂಬರು, ನಡುವೆ ವಿಭಜಕ. ಆದರೆ ಹಳೆಯ ರಸ್ತೆಯಲ್ಲಿ ವರ್ಷಕ್ಕೆ ಒಬ್ಬರೋ ಇಬ್ಬರೋ ಸಾಯುತ್ತಿದ್ದರೆ ಹೊಸ ರಸ್ತೆಯಲ್ಲಿ ಕಳೆದ ವರ್ಷ ಒಂಬತ್ತು ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ರಸ್ತೆ ದಾಟುತ್ತಿದ್ದವರು ಮತ್ತು ದ್ವಿಚಕ್ರ ವಾಹನ ಸವಾರರು. ಒಬ್ಬಳು ಶಾಲೆಗೆ ಹೊರಟಿದ್ದ ಹುಡುಗಿ. ಅಧಿಕಾರಿಗಳನ್ನು ಕೇಳಿದರೆ ಜನರಲ್ಲಿ ಶಿಸ್ತಿಲ್ಲ, ಜಾಗೃತಿ ಮೂಡಿಸುತ್ತಿದ್ದೇವೆ ಎನ್ನುತ್ತಾರೆ. ಊರಿನಲ್ಲಿ ಒಬ್ಬರು ರೋಡ್ ಹಂಪ್ ಬೇಕೆನ್ನುತ್ತಾರೆ, ಇನ್ನೊಬ್ಬರು ಸ್ಕೈವಾಕ್, ಮತ್ತೊಬ್ಬರು ಸಿಗ್ನಲ್, ಉಳಿದವರು ಬೈಪಾಸ್. ನಾನು ನಿವೃತ್ತ ಶಿಕ್ಷಕ. ಮುಂದಿನ ತಿಂಗಳು ಇಂಜಿನಿಯರುಗಳೊಂದಿಗೆ ನಡೆಯುವ ಸಭೆಯಲ್ಲಿ ಊರಿನ ಪರವಾಗಿ ಮಾತನಾಡಬೇಕಾಗಿದೆ. ನಮ್ಮಂಥ ಬಡ ದೇಶಗಳಲ್ಲಿ ಅಪಘಾತ ಕಡಿಮೆ ಮಾಡುವುದು ನಿಜವಾಗಿಯೂ ಸಾಧ್ಯವೇ? ಒಂದೇ ಒಂದು ಬೇಡಿಕೆ ಇಡಬಹುದಾದರೆ ಯಾವುದನ್ನು ಇಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟಗಳು ಒಂದರೊಳಗೊಂದು ಸೇರಿಕೊಂಡಿವೆ. ಮೊದಲನೆಯದು, ರಸ್ತೆ ಸುಧಾರಿಸಿದ ಮೇಲೆ ಸಾವು ಹೆಚ್ಚಿತಲ್ಲ ಎಂಬ ದಿಗ್ಭ್ರಮೆ. ಎರಡನೆಯದು, ಸತ್ತವರನ್ನೂ ಅವರ ನೆರೆಯವರನ್ನೂ ಅಶಿಸ್ತಿನವರೆಂದು ಕರೆದು ಕಡತ ಮುಚ್ಚುತ್ತಿದ್ದಾರಲ್ಲ ಎಂಬ ನೋವು. ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಆ ನಂಬಿಕೆ ಸಡಿಲವಾಗದ ಹೊರತು ಸಭೆಯಲ್ಲಿ ನೀವು ಏನು ಕೇಳಿದರೂ ಉತ್ತರ ಅದೇ ಬರುತ್ತದೆ.

ಅಪಘಾತದ ವರದಿಗಳನ್ನು ಓದುವುದು ನನ್ನ ವೃತ್ತಿಯ ಒಂದು ಭಾಗ. ಬಹುಪಾಲು ವರದಿಗಳಲ್ಲಿ ಕಾರಣದ ಜಾಗದಲ್ಲಿ ಚಾಲಕನ ಅತಿವೇಗ ಮತ್ತು ಅಜಾಗರೂಕತೆ ಎಂದೋ, ಪಾದಚಾರಿಯ ನಿರ್ಲಕ್ಷ್ಯ ಎಂದೋ ಒಂದೇ ಸಾಲು ಇರುತ್ತದೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ವರದಿ ತಯಾರಾಗುವುದೇ ನ್ಯಾಯಾಲಯದಲ್ಲಿ ಯಾರ ಮೇಲೆ ಆರೋಪ ಹೊರಿಸಬೇಕೆಂದು ನಿರ್ಧರಿಸುವುದಕ್ಕಾಗಿ. ಮುಂದಿನ ಸಾವನ್ನು ತಡೆಯುವುದು ಹೇಗೆಂದು ಕಲಿಯುವುದಕ್ಕಾಗಿ ಅಲ್ಲ. ಹೀಗಾಗಿ ಆ ತಿರುವಿನಲ್ಲಿ ದೀಪವಿತ್ತೇ, ದಾಟುವ ಜಾಗ ಎಷ್ಟು ದೂರದಲ್ಲಿತ್ತು, ವಿಭಜಕದ ಗಿಡಗಳು ಮಗುವನ್ನು ಮರೆಮಾಡಿದ್ದವೇ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಜಾಗವೇ ಇರುವುದಿಲ್ಲ. ತಪ್ಪು ಮಾಡಿದವನು ಸಿಕ್ಕಿದನೆಂದರೆ ತನಿಖೆ ಮುಗಿಯಿತು. ಮನುಷ್ಯರು ತಪ್ಪು ಮಾಡುತ್ತಾರೆ ಎಂಬುದು ಎಲ್ಲ ದೇಶಗಳಿಗೂ ಸಮಾನವಾದ ಸಂಗತಿ. ಆ ತಪ್ಪಿಗೆ ಒಂದು ಕಡೆ ಗಾಡಿಯ ಬಂಪರು ನುಗ್ಗಾಗುತ್ತದೆ, ಇನ್ನೊಂದು ಕಡೆ ಹೆಣ ಬೀಳುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ನಮ್ಮ ಕೆಲಸವೆಲ್ಲ ಇರುವುದು ಆ ವ್ಯತ್ಯಾಸದಲ್ಲಿ. ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ ಅರ್ಧ ಶತಮಾನಕ್ಕೂ ಹಿಂದೆಯೇ ಅಪಘಾತವನ್ನು ಒಂದು ರೋಗದಂತೆ ನೋಡಲು ಹೇಳಿಕೊಟ್ಟರು: ಘಟನೆಗೆ ಮೊದಲು, ಘಟನೆಯ ಕ್ಷಣದಲ್ಲಿ, ಘಟನೆಯ ನಂತರ ಎಂಬ ಮೂರು ಹಂತಗಳಲ್ಲಿಯೂ ಮನುಷ್ಯ, ವಾಹನ, ಪರಿಸರ ಈ ಮೂರನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು ಎಂದು. ಹಾಗೆ ಒಂಬತ್ತು ಮನೆಗಳ ಕೋಷ್ಟಕ ಹಾಕಿಕೊಂಡು ಕುಳಿತರೆ, ನಾವು ಸಾಮಾನ್ಯವಾಗಿ ಒಂದೇ ಮನೆಯನ್ನು ತುಂಬಿಸಿ ಎದ್ದುಬಿಡುತ್ತೇವೆ ಎಂಬುದು ಕಣ್ಣಿಗೆ ಕಾಣುತ್ತದೆ.

ಶಿಸ್ತು ನಮ್ಮ ರಕ್ತದಲ್ಲೇ ಇಲ್ಲ ಎನ್ನುವವರಿಗೆ ನೆದರ್‌ಲೆಂಡ್ಸ್‌ನ ಕಥೆ ಹೇಳಿ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಂದೆ ತಾಯಂದಿರು ಬೀದಿಗಿಳಿದರು. ಆಮೇಲಿನ ದಶಕಗಳಲ್ಲಿ ಆ ದೇಶ ವಸತಿ ಬೀದಿಗಳನ್ನು ನಿಧಾನಗತಿಯ ಬೀದಿಗಳಾಗಿ ಬದಲಿಸಿತು, ಸೈಕಲ್ಲಿಗೆ ಬೇರೆ ದಾರಿ ಕೊಟ್ಟಿತು, ಯಾವ ರಸ್ತೆ ಸಾಗುವುದಕ್ಕೆ, ಯಾವುದು ಬದುಕುವುದಕ್ಕೆ ಎಂಬುದನ್ನು ವಿಂಗಡಿಸಿತು. ಸಾವಿನ ಸಂಖ್ಯೆ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯಿತು. ಆ ಜನರ ಸ್ವಭಾವ ನಾಲ್ಕು ದಶಕಗಳಲ್ಲಿ ಐದು ಪಟ್ಟು ಸುಧಾರಿಸಿತೆಂದು ನಾನು ನಂಬುವುದಿಲ್ಲ.

ಜಾಗೃತಿ ಕಾರ್ಯಕ್ರಮಗಳ ಬಗ್ಗೆಯೂ ಒಂದು ಮಾತು. ಭಿತ್ತಿಪತ್ರ, ಜಾಥಾ, ಸಪ್ತಾಹ ಇವುಗಳಿಂದ ಹಾನಿಯಿಲ್ಲ, ಆದರೆ ಇವುಗಳಿಂದಷ್ಟೇ ಸಾವು ಕಡಿಮೆಯಾದದ್ದನ್ನು ನಾನು ಕಂಡಿಲ್ಲ. ಶಾಲಾ ಕಾಲೇಜುಗಳಲ್ಲಿ ಕೊಡುವ ಚಾಲನಾ ಶಿಕ್ಷಣದ ಮೇಲಿನ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ, ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಜಾಲದ ಸಮೀಕ್ಷೆಗೆ, ಅದರಿಂದ ಹದಿಹರೆಯದವರ ಅಪಘಾತ ತಗ್ಗುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ. ಬದಲಿಗೆ ಅವರು ಇನ್ನೂ ಬೇಗ ಲೈಸೆನ್ಸ್ ಪಡೆದು ರಸ್ತೆಗಿಳಿಯುತ್ತಾರೆ ಎಂಬುದು ಕಂಡುಬಂತು. ಪ್ರಚಾರವು ಕಾನೂನಿನ ಜಾರಿಯ ಬೆನ್ನಿಗೆ ನಿಂತಾಗ ಮಾತ್ರ ಕೆಲಸ ಮಾಡುತ್ತದೆ. ಆ ಮಾತಿಗೆ ಹೆಲ್ಮೆಟ್ಟಿನ ಪ್ರಸ್ತಾಪ ಬಂದಾಗ ಮರಳುತ್ತೇನೆ.

ಇನ್ನು ನಿಮ್ಮ ಮೊದಲ ದಿಗ್ಭ್ರಮೆ. ಹಳೆಯ ರಸ್ತೆಯ ಗುಂಡಿಗಳು, ಇಕ್ಕಟ್ಟು, ಎದುರು ಬರುವ ಲಾರಿಯ ಭಯ ಇವೆಲ್ಲ ಸೇರಿ ವಾಹನಗಳ ವೇಗವನ್ನು ಮೂವತ್ತು ನಲವತ್ತರಲ್ಲಿ ಹಿಡಿದಿಟ್ಟಿದ್ದವು. ಹೊಸ ರಸ್ತೆ ಆ ಎಲ್ಲ ಹಿಡಿತಗಳನ್ನೂ ಬಿಡಿಸಿತು, ಆದರೆ ಅವುಗಳ ಜಾಗದಲ್ಲಿ ಬೇರೆ ಹಿಡಿತವನ್ನು ಇಡಲಿಲ್ಲ. ಗುಂಡಿಗಳೇ ಇರಲಿ ಎಂದು ಇದರ ಅರ್ಥವಲ್ಲ. ಗುಂಡಿಗೆ ಚಕ್ರ ಸಿಕ್ಕಿ ಬೀಳುವ ಸವಾರನನ್ನು ನಾನು ಮರೆತಿಲ್ಲ. ಆದರೆ ರಸ್ತೆಯೇ ಚಾಲಕನಿಗೆ ಎಷ್ಟು ವೇಗದಲ್ಲಿ ಹೋಗಬೇಕೆಂದು ಹೇಳುತ್ತದೆ. ಮೂರೂವರೆ ಮೀಟರ್ ಅಗಲದ ಪಥಗಳು, ನೇರವಾದ ನೋಟ, ದೂರಕ್ಕೆ ಸರಿದ ಕಟ್ಟಡಗಳು ಇವೆಲ್ಲ ಎಂಬತ್ತರಲ್ಲಿ ಹೋಗು ಎನ್ನುತ್ತಿರುವಾಗ, ಬದಿಯ ಕಂಬದ ಮೇಲಿನ ತಗಡಿನ ಫಲಕವೊಂದು ನಲವತ್ತರಲ್ಲಿ ಹೋಗು ಎಂದರೆ ಚಾಲಕ ಯಾರ ಮಾತು ಕೇಳುತ್ತಾನೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ವೇಗದ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಸಭೆಯಲ್ಲಿ ನಿಮ್ಮ ಕೈಯಲ್ಲಿರುವ ಬಲವಾದ ಆಯುಧ ಇದೇ, ಮತ್ತು ನೀವು ಶಿಕ್ಷಕರಾದ್ದರಿಂದ ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲಿರಿ. ಎದುರಿಗೆ ಮಗು ಬಂದದ್ದನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಚುರುಕಾದ ಚಾಲಕನಿಗೂ ಒಂದು ಸೆಕೆಂಡು ಬೇಕು ಎಂದು ಹಿಡಿಯೋಣ. ಗಂಟೆಗೆ 30 ಕಿ.ಮೀ. ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ ಸುಮಾರು 8 ಮೀಟರ್ ಸಾಗುತ್ತದೆ, ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಇನ್ನೊಂದು 5 ಮೀಟರ್ ಹೋಗಿ ನಿಲ್ಲುತ್ತದೆ. ಒಟ್ಟು 13 ಮೀಟರ್. 50 ಕಿ.ಮೀ. ವೇಗದ ಕಾರು ಆ ಮೊದಲ ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಸಾಗಿರುತ್ತದೆ. ಅಂದರೆ ಮೊದಲ ಕಾರು ಮಗುವಿನ ಮುಂದೆ ಪೂರ್ತಿ ನಿಂತುಬಿಡುವ ಜಾಗದಲ್ಲಿ ಎರಡನೆಯ ಕಾರು ಇನ್ನೂ ಬ್ರೇಕನ್ನೇ ಮುಟ್ಟಿಲ್ಲ, ಪೂರ್ಣ ವೇಗದಲ್ಲಿಯೇ ಬಡಿಯುತ್ತದೆ. 80ರಲ್ಲಿ ಬಂದ ವಾಹನಕ್ಕೆ ನಿಲ್ಲಲು ಐವತ್ತೈದು ಮೀಟರಿಗೂ ಹೆಚ್ಚು ಬೇಕು, ಮಳೆ ಬಿದ್ದಿದ್ದರೆ ಅಥವಾ ಅದು ಹೊರೆ ತುಂಬಿದ ಲಾರಿಯಾಗಿದ್ದರೆ ಇನ್ನೂ ದೂರ. ಬಡಿತದ ಬಲವನ್ನು ಎತ್ತರದಿಂದ ಬೀಳುವುದಕ್ಕೆ ಹೋಲಿಸಿದರೆ ಮಕ್ಕಳಿಗೂ ಅರ್ಥವಾಗುತ್ತದೆ: 30ರ ವೇಗ ಮೂರೂವರೆ ಮೀಟರ್ ಎತ್ತರದಿಂದ ಬಿದ್ದಂತೆ, 50ರ ವೇಗ ಸುಮಾರು ಹತ್ತು ಮೀಟರ್, ಅಂದರೆ ಮೂರಂತಸ್ತಿನ ಮೇಲಿಂದ ಬಿದ್ದಂತೆ, 80ರ ವೇಗ ಇಪ್ಪತ್ತೈದು ಮೀಟರಿನಿಂದ ಬಿದ್ದಂತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಕಾರಿನ ವೇಗ 50ರಿಂದ 65ಕ್ಕೆ ಏರಿದರೆ ಅದರ ಮುಂಭಾಗ ಬಡಿದ ಪಾದಚಾರಿ ಸಾಯುವ ಸಾಧ್ಯತೆ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ, ಮತ್ತು ಒಂದು ರಸ್ತೆಯ ಸರಾಸರಿ ವೇಗ ಶೇ. 1ರಷ್ಟು ಏರಿದರೆ ಸಾವಿನ ಅಪಘಾತದ ಸಾಧ್ಯತೆ ಸುಮಾರು ಶೇ. 4ರಷ್ಟು ಏರುತ್ತದೆ. ಪಾದಚಾರಿಗಳು, ಸೈಕಲ್ ಸವಾರರು ವಾಹನಗಳೊಂದಿಗೆ ಬೆರೆಯುವ ಕಡೆ ಗರಿಷ್ಠ ವೇಗ 30 ಇರಲಿ ಎಂದು ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ ಹೊರಡಿಸಿದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಈ ಲೆಕ್ಕವನ್ನು ನಂಬಿಯೇ.

ಅಭಿವೃದ್ಧಿಶೀಲ ದೇಶಗಳಲ್ಲಿ ಇದು ಹೆಚ್ಚು ಕ್ರೂರವಾಗುವುದಕ್ಕೆ ಕಾರಣ ರಸ್ತೆಯ ಮೇಲೆ ಯಾರಿದ್ದಾರೆ ಎಂಬುದು. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ರಸ್ತೆ ಅಪಘಾತದಿಂದ ಸತ್ತವರು ಸುಮಾರು 11.9 ಲಕ್ಷ. ಇವುಗಳಲ್ಲಿ ಶೇ. 92ರಷ್ಟು ಸಾವುಗಳು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಗಿವೆ, ಜಗತ್ತಿನ ವಾಹನಗಳಲ್ಲಿ ಆ ದೇಶಗಳ ಪಾಲು ಶೇ. 60ರಷ್ಟು ಮಾತ್ರ. ಸತ್ತವರಲ್ಲಿ ಅರ್ಧಕ್ಕೂ ಹೆಚ್ಚಿನವರ ಸುತ್ತ ಲೋಹದ ಕವಚವೇ ಇರಲಿಲ್ಲ. ಅವರು ನಡೆಯುತ್ತಿದ್ದವರು, ಸೈಕಲ್ ತುಳಿಯುತ್ತಿದ್ದವರು, ಎರಡು ಮೂರು ಚಕ್ರದ ವಾಹನದಲ್ಲಿದ್ದವರು. ಕಾರುಗಳೇ ಓಡಾಡುವ ದೇಶದ ವಿನ್ಯಾಸ ಕೈಪಿಡಿಯನ್ನು ಕಾಲ್ನಡಿಗೆಯ ಪಟ್ಟಣದ ಮೇಲೆ ಹಾಸಿದರೆ ಏನಾಗುತ್ತದೆಂಬುದಕ್ಕೆ ನಿಮ್ಮ ಹೆದ್ದಾರಿ ಒಂದು ಉದಾಹರಣೆ.

ಈಗ ನಿಮ್ಮೂರಿನವರ ಸಲಹೆಗಳಿಗೆ ಬರುತ್ತೇನೆ. ರೋಡ್ ಹಂಪ್ ಕೇಳುವವರನ್ನು ಇಂಜಿನಿಯರುಗಳು ಹೆದ್ದಾರಿಯಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ಬಾಯಿ ಮುಚ್ಚಿಸುವುದುಂಟು. ಆಗ ಘಾನಾ ದೇಶದ ಹೆಸರು ಹೇಳಿ. ಅಲ್ಲಿನ ಆಕ್ರಾ ಮತ್ತು ಕುಮಾಸಿ ನಗರಗಳ ನಡುವಿನ ಮುಖ್ಯ ಹೆದ್ದಾರಿಯಲ್ಲಿ ಸುಹುಮ್ ಎಂಬ ಜಂಕ್ಷನ್ನಿನಲ್ಲಿ ರಂಬಲ್ ಸ್ಟ್ರಿಪ್, ಅಂದರೆ ಗಡಗಡ ಸದ್ದು ಮಾಡಿ ಎಚ್ಚರಿಸುವ ಅಡ್ಡಪಟ್ಟಿಗಳನ್ನು ಹಾಕಿದ ಮೇಲೆ ಅಪಘಾತಗಳು ಸುಮಾರು ಶೇ. 35ರಷ್ಟು, ಸಾವುಗಳು ಸುಮಾರು ಶೇ. 55ರಷ್ಟು ಇಳಿದವು. ಖರ್ಚು ಅತ್ಯಲ್ಪ. ಬಡ ದೇಶದಲ್ಲಿ ಸಾಧ್ಯವೇ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನಲ್ಲಿಲ್ಲ.

ಆದರೆ ರೋಡ್ ಹಂಪಿನ, ಅಂದರೆ ಉಬ್ಬಿನ ಅಪಾಯಗಳನ್ನು ಮುಚ್ಚಿಟ್ಟರೆ ನಾನು ನನ್ನ ವೃತ್ತಿಗೆ ದ್ರೋಹ ಮಾಡಿದಂತೆ. ಅಪಘಾತವಾದ ರಾತ್ರಿ ಸಿಟ್ಟಿನಲ್ಲಿ ಊರವರೇ ಹಾಕುವ, ಗೇಣಗಲದ ಚೂಪು ದಿಣ್ಣೆ ನಿಧಾನವಾಗಿ ಬರುವವನ ಬೆನ್ನುಮೂಳೆಯನ್ನು ಕುಲುಕುತ್ತದೆ, ವೇಗವಾಗಿ ಬರುವ ಕಾರಿನ ಸಸ್ಪೆನ್ಷನ್ ಮಾತ್ರ ಅದನ್ನು ನುಂಗಿಬಿಡುತ್ತದೆ, ಬಣ್ಣವಿಲ್ಲದ್ದರಿಂದ ಕತ್ತಲಲ್ಲಿ ಸವಾರನನ್ನು ಕೆಡವುತ್ತದೆ. ಲೆಕ್ಕ ಹಾಕಿ ಕಟ್ಟಿದ ದುಂಡು ಉಬ್ಬು ಬೇರೆಯದೇ ವಸ್ತು: ಸುಮಾರು 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರದ್ದು, ಮೂವತ್ತರ ಒಳಗೆ ಹೋಗುವವನಿಗೆ ಸಹನೀಯ, ಅದಕ್ಕಿಂತ ವೇಗವಾಗಿ ಬಂದವನಿಗೆ ಅಸಹನೀಯ. ಅದರ ನೆತ್ತಿಯನ್ನು ಚಪ್ಪಟೆ ಮಾಡಿ ಪಾದಚಾರಿ ಮಾರ್ಗದ ಮಟ್ಟಕ್ಕೆ ಏರಿಸಿದರೆ ಅದೇ ಎತ್ತರಿಸಿದ ದಾಟುಪಟ್ಟಿಯಾಗುತ್ತದೆ. ಜನ ರಸ್ತೆಗೆ ಇಳಿಯದೆ ದಾಟುತ್ತಾರೆ, ವಾಹನವೇ ಏರಿ ಇಳಿಯುತ್ತದೆ. ಇದನ್ನು ಎಂಬತ್ತರಲ್ಲಿ ಬರುವ ವಾಹನದ ಮುಂದೆ ಒಮ್ಮೆಗೇ ಇಡುವಂತಿಲ್ಲ. ಪಟ್ಟಣ ಶುರುವಾಗುವ ಕಡೆಯಿಂದಲೇ ಫಲಕ, ರಂಬಲ್ ಸ್ಟ್ರಿಪ್, ಪಥದ ಅಗಲ ಕುಗ್ಗಿಸುವಿಕೆ, ನಡುವೆ ದ್ವೀಪ ಹೀಗೆ ಹಂತ ಹಂತವಾಗಿ ವೇಗ ಇಳಿಸಿ, ಕೊನೆಗೆ ದಾಟುಪಟ್ಟಿಗೆ ತರಬೇಕು. ಹಾಗೆ ಮಾಡದಿದ್ದರೆ ಹಿಂದಿನಿಂದ ಬಡಿಯುವ ಅಪಘಾತಗಳು ಹೆಚ್ಚುತ್ತವೆ, ಮತ್ತು ಒಂದೇ ವಾರದಲ್ಲಿ ಉಬ್ಬನ್ನು ಅಗೆದು ತೆಗೆಯಲು ನೆಪ ಸಿಗುತ್ತದೆ. ಆಂಬುಲೆನ್ಸಿಗೂ ಬಸ್ಸಿಗೂ ಕೆಲವು ಸೆಕೆಂಡುಗಳ ವಿಳಂಬವಾಗುವುದು ನಿಜ, ಪಕ್ಕದ ಮನೆಗಳಿಗೆ ಸದ್ದು ಮತ್ತು ಅದುರುವಿಕೆ ಆಗುವುದೂ ನಿಜ. ಇದನ್ನು ಆ ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ.

ಬರಿಯ ಜೀಬ್ರಾ ಪಟ್ಟಿ ಬಳಿದರೆ ಸಾಲದೇ ಎಂದು ಸಭೆಯಲ್ಲಿ ಖಂಡಿತ ಕೇಳುತ್ತಾರೆ, ಏಕೆಂದರೆ ಅದು ಅಗ್ಗ. ಸಾಲದು. ಅಮೆರಿಕದ 30 ನಗರಗಳ 2,000 ದಾಟುವ ಸ್ಥಳಗಳನ್ನು ಹೋಲಿಸಿದ ಒಂದು ದೊಡ್ಡ ಅಧ್ಯಯನದಲ್ಲಿ, ವಾಹನ ದಟ್ಟಣೆಯ ಬಹುಪಥ ರಸ್ತೆಗಳಲ್ಲಿ ಬೇರೆ ಯಾವ ಏರ್ಪಾಡೂ ಇಲ್ಲದೆ ಪಟ್ಟಿ ಮಾತ್ರ ಬಳಿದ ಕಡೆ ಪಾದಚಾರಿಗಳಿಗೆ ಪಟ್ಟಿ ಇಲ್ಲದ ಕಡೆಗಿಂತ ಹೆಚ್ಚು ಅಪಘಾತಗಳಾಗಿದ್ದವು. ಒಂದು ಪಥದ ವಾಹನ ನಿಂತಿತೆಂದು ಮಗು ಮುಂದೆ ಹೆಜ್ಜೆ ಇಡುತ್ತದೆ, ನಿಂತ ಬಸ್ಸಿನ ಮರೆಯಿಂದ ಪಕ್ಕದ ಪಥದ ವಾಹನ ನುಗ್ಗಿ ಬರುತ್ತದೆ. ನಾಲ್ಕು ಪಥದ ರಸ್ತೆಯಲ್ಲಿ ಇದೇ ಮುಖ್ಯ ಅಪಾಯ. ಆದ್ದರಿಂದ ವಿಭಜಕದ ನಡುವೆ ಜನ ಸುರಕ್ಷಿತವಾಗಿ ನಿಂತು ಎರಡನೆಯ ಅರ್ಧವನ್ನು ನೋಡಿ ದಾಟುವಷ್ಟು ಅಗಲದ ಜಾಗ ಇರಲೇಬೇಕು. ವಿಭಜಕದಲ್ಲಿ ಸೊಂಟದೆತ್ತರದ ಗಿಡ ನೆಟ್ಟಿದ್ದರೆ ದಾಟುವ ಜಾಗದ ಆಸುಪಾಸಿನಲ್ಲಿ ಅವನ್ನು ಕತ್ತರಿಸಿಬಿಡಿ. ಅಲಂಕಾರಕ್ಕಿಂತ ಮಗುವಿನ ತಲೆ ಕಾಣುವುದು ಮುಖ್ಯ.

ಸ್ಕೈವಾಕ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಮೆಟ್ಟಿಲು ಹತ್ತಿ ಇಳಿಯುವ ಶ್ರಮವನ್ನು ಮುದುಕರ, ಗರ್ಭಿಣಿಯರ, ಅಂಗವಿಕಲರ, ತಲೆಹೊರೆ ಹೊತ್ತವರ ಮೇಲೆ ಹೇರಿ, ಇಂಜಿನ್ ಇರುವವನಿಗೆ ನೇರ ದಾರಿ ಬಿಡುವ ಏರ್ಪಾಡು ಅದು. ಜನ ಅದನ್ನು ಬಳಸದಿದ್ದಾಗ ಮತ್ತೆ ಅವರನ್ನೇ ಅಶಿಸ್ತಿನವರೆನ್ನುತ್ತಾರೆ. ವಾಹನಗಳ ವೇಗವನ್ನು ಇಳಿಸಲು ಸಾಧ್ಯವೇ ಇಲ್ಲದ ನಿಜವಾದ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಮೇಲ್ಸೇತುವೆಯೋ ಅಂಡರ್‌ಪಾಸೋ ಬೇಕಾಗುತ್ತದೆ. ಮನೆಗಳ ನಡುವಿನ ರಸ್ತೆಗೆ ಅದು ಕೊನೆಯ ಆಯ್ಕೆ.

ವಿಭಜಕದ ಮಾತು ಬಂದದ್ದರಿಂದ, ನೀವು ಪತ್ರದಲ್ಲಿ ಹೇಳದಿದ್ದರೂ ನಿಮ್ಮ ಊರಿನಲ್ಲಿ ನಡೆಯುತ್ತಿರಬಹುದಾದ ಒಂದು ಸಂಗತಿ ಹೇಳುತ್ತೇನೆ: ವಿರುದ್ಧ ದಿಕ್ಕಿನಲ್ಲಿ ಬರುವ ದ್ವಿಚಕ್ರ ವಾಹನಗಳು. ಯು-ಟರ್ನಿಗೆ ಜಾಗ ಎರಡು ಕಿ.ಮೀ. ಆಚೆ ಇದ್ದರೆ, ಎದುರಿಗೇ ಕಾಣುವ ಮನೆಗೆ ಹೋಗಲು ನಾಲ್ಕು ಕಿ.ಮೀ. ಸುತ್ತುವ ಸವಾರರು ಕಡಿಮೆ. ಕೆಲವರು ಬದಿಯಲ್ಲಿ ಎದುರು ಬರುತ್ತಾರೆ, ಉಳಿದವರು ವಿಭಜಕದ ಕಲ್ಲನ್ನೇ ಕಿತ್ತು ದಾರಿ ಮಾಡಿಕೊಳ್ಳುತ್ತಾರೆ. ರಸ್ತೆ ಸುರಕ್ಷತಾ ತಪಾಸಣೆಗೆ ಹೋದಾಗ ನಾನು ಮೊದಲು ಹುಡುಕುವುದು ಹೀಗೆ ಕಿತ್ತ ಕಲ್ಲುಗಳನ್ನು ಮತ್ತು ಹುಲ್ಲಿನ ನಡುವೆ ಸವೆದ ಕಾಲುದಾರಿಗಳನ್ನು. ಒಮ್ಮೆ ಅಧಿಕೃತ ದಾಟುಪಟ್ಟಿಯಿಂದ ಕೇವಲ ನಲವತ್ತು ಮೀಟರ್ ಆಚೆ ಅಂಥ ಸವೆದ ದಾರಿ ಕಂಡಾಗ ಜೊತೆಗಿದ್ದ ಇಂಜಿನಿಯರರು ಬೇಲಿ ಹಾಕಿಸುತ್ತೇನೆ ಎಂದರು. ದಾಟುಪಟ್ಟಿಯನ್ನೇ ಅಲ್ಲಿಗೆ ಸರಿಸಿ ಎಂದೆ. ಬಸ್ಸು ನಿಲ್ಲುತ್ತಿದ್ದದ್ದು ಅಲ್ಲಿ. ಜನರ ಕಾಲು ಬರೆದ ನಕ್ಷೆ ಕಚೇರಿಯ ನಕ್ಷೆಗಿಂತ ಹೆಚ್ಚು ಸಲ ಸರಿಯಾಗಿರುತ್ತದೆ. ವಿಭಜಕ ಮುಖಾಮುಖಿ ಡಿಕ್ಕಿಗಳನ್ನು ತಡೆಯುತ್ತದೆಂಬುದರಲ್ಲಿ ಸಂದೇಹವಿಲ್ಲ, ಅದನ್ನು ತೆಗೆಯಿರಿ ಎಂದು ಕೇಳಬೇಡಿ. ಸರ್ವಿಸ್ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಓಡಾಡಲು ಅವಕಾಶವಿರಲಿ, ತಿರುವುಗಳು ಹತ್ತಿರವಿರಲಿ ಎಂದು ಕೇಳಿ.

ಸಿಗ್ನಲ್ ದೀಪ ಅಡ್ಡರಸ್ತೆಯಿಂದ ಬರುವವರ ಡಿಕ್ಕಿಯನ್ನು ತಗ್ಗಿಸುತ್ತದೆ, ಹಿಂದಿನಿಂದ ಗುದ್ದುವುದನ್ನು ಹೆಚ್ಚಿಸುತ್ತದೆ, ವಿದ್ಯುತ್ತು ಹೋದ ರಾತ್ರಿ ಎರಡನ್ನೂ ಹೆಚ್ಚಿಸುತ್ತದೆ. ಜಾಗವಿದ್ದರೆ ಸರಿಯಾಗಿ ಕಟ್ಟಿದ ವೃತ್ತ ಅದಕ್ಕಿಂತ ಮೇಲು, ಏಕೆಂದರೆ ಅಲ್ಲಿ ನೇರವಾಗಿ ನುಗ್ಗುವ ದಾರಿಯೇ ಇರುವುದಿಲ್ಲ, ಡಿಕ್ಕಿಯಾದರೂ ಓರೆಯಾಗಿ, ಕಡಿಮೆ ವೇಗದಲ್ಲಿ ಆಗುತ್ತದೆ. ನಡುವೆ ಪ್ರತಿಮೆಯೊಂದನ್ನು ನಿಲ್ಲಿಸಿ ಸುತ್ತ ರಸ್ತೆಯನ್ನು ನೇರವಾಗಿಯೇ ಬಿಟ್ಟರೆ ಅದು ವೃತ್ತವಲ್ಲ.

ಬೈಪಾಸ್ ದೊಡ್ಡ ಪರಿಹಾರ, ದೊಡ್ಡ ವೆಚ್ಚ, ದೀರ್ಘ ಕಾಯುವಿಕೆ. ಭೂಸ್ವಾಧೀನಕ್ಕೇ ವರ್ಷಗಳು ಹಿಡಿಯಬಹುದು, ಅಷ್ಟರಲ್ಲಿ ಹೆದ್ದಾರಿ ಪ್ರತಿ ವರ್ಷ ತನ್ನ ಲೆಕ್ಕ ವಸೂಲಿ ಮಾಡುತ್ತಿರುತ್ತದೆ. ಎರಡು ಅಪಾಯಗಳನ್ನು ನೆನಪಿಡಿ. ಬೈಪಾಸಿನ ಎರಡೂ ಬದಿಗೆ ಕಟ್ಟಡಗಳಿಗೆ ಅನುಮತಿ ಕೊಟ್ಟರೆ ಕೆಲವೇ ವರ್ಷಗಳಲ್ಲಿ ಅದೂ ಇನ್ನೊಂದು ಊರಬೀದಿಯಾಗುತ್ತದೆ. ಲಾರಿಗಳು ಹೊರಟುಹೋದ ಮೇಲೆ ಖಾಲಿಯಾದ ಹಳೆಯ ನಾಲ್ಕು ಪಥವನ್ನು ಹಾಗೇ ಬಿಟ್ಟರೆ ಉಳಿದ ವಾಹನಗಳ ವೇಗ ಇನ್ನೂ ಏರುತ್ತದೆ. ಬೈಪಾಸಿಗೆ ಅರ್ಜಿ ಕೊಡಿ, ಆದರೆ ಬೈಪಾಸ್ ಬರುತ್ತದೆಂಬ ಕಾರಣಕ್ಕೆ ಇಂದಿನ ಕೆಲಸ ನಿಲ್ಲಲು ಬಿಡಬೇಡಿ.

ಸವಾರರ ಸಾವಿನ ಬಗ್ಗೆ ಹೇಳುವುದಾದರೆ ಹೆಲ್ಮೆಟ್ಟಿನಷ್ಟು ಖಚಿತವಾದ ಉಪಾಯ ಬೇರೆ ಇಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅದು ಅಪಘಾತಕ್ಕೀಡಾದ ಸವಾರನ ಸಾವಿನ ಸಾಧ್ಯತೆಯನ್ನು ಶೇ. 42ರಷ್ಟು, ತಲೆಗೆ ಪೆಟ್ಟಾಗುವ ಸಾಧ್ಯತೆಯನ್ನು ಶೇ. 69ರಷ್ಟು ತಗ್ಗಿಸುತ್ತದೆಂದು ಕಂಡುಬಂದಿದೆ. ಜಾರಿ ಹೇಗಿರಬೇಕೆಂಬುದಕ್ಕೆ ವಿಯೆಟ್ನಾಂ ಉದಾಹರಣೆ. ಅಲ್ಲಿ 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲಿ, ಎಲ್ಲ ಸವಾರರಿಗೂ ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ತಿಂಗಳುಗಟ್ಟಲೆ ಮೊದಲೇ ಪ್ರಚಾರ ನಡೆದಿತ್ತು, ಗೊತ್ತಾದ ದಿನದಿಂದ ಪೊಲೀಸರು ನಿಜವಾಗಿಯೂ ಹಿಡಿಯತೊಡಗಿದರು. ಧರಿಸುವವರ ಪ್ರಮಾಣ ಶೇ. 90ನ್ನು ದಾಟಿತು, ಮೊದಲ ಮೂರು ತಿಂಗಳ ಲೆಕ್ಕದಲ್ಲೇ ತಲೆಪೆಟ್ಟಿನ ಸಾಧ್ಯತೆ ಶೇ. 16, ಸಾವಿನದು ಶೇ. 18ರಷ್ಟು ಇಳಿದಿತ್ತು. ದಂಡದ ಮೊತ್ತ ದೊಡ್ಡದಿದ್ದರೆ ಜನ ಹೆದರುತ್ತಾರೆಂಬುದು ತಪ್ಪು ತಿಳಿವಳಿಕೆ. ಮೊತ್ತ ಸಣ್ಣದಿದ್ದರೂ ಸಿಕ್ಕಿಬೀಳುವುದು ಖಚಿತ ಎಂಬುದಕ್ಕೆ ಹೆದರುತ್ತಾರೆ. ಭಾರಿ ದಂಡ, ಅಪರೂಪದ ತಪಾಸಣೆ ಎರಡೂ ಸೇರಿದರೆ ಹುಟ್ಟುವುದು ಲಂಚ. ವೇಗದ ಕ್ಯಾಮೆರಾಗಳ ಒಳಿತೂ ಇದೇ: ಅವು ದಣಿಯುವುದಿಲ್ಲ, ಪರಿಚಯದವರೆಂದು ಬಿಡುವುದಿಲ್ಲ. ಆದರೆ ನೋಟಿಸು ಮನೆಗೆ ತಲುಪುವ, ದಂಡ ವಸೂಲಾಗುವ ವ್ಯವಸ್ಥೆ ಹಿಂದಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಅದು ಕಂಬದ ಮೇಲಿನ ಪೆಟ್ಟಿಗೆಯಷ್ಟೇ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ.

ರಾತ್ರಿಯ ಅಪಘಾತಗಳಿಗೆ ಅಗ್ಗದ ಉಪಾಯವೊಂದಿದೆ: ಟ್ರ್ಯಾಕ್ಟರ್ ಟ್ರೇಲರು, ಗಾಡಿ, ಲಾರಿಗಳ ಹಿಂಭಾಗಕ್ಕೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸುವುದು. ಕೆಟ್ಟು ನಿಂತ ವಾಹನ ಪಥದ ಮೇಲೆಯೇ ರಾತ್ರಿಯಿಡೀ ಉಳಿಯದಂತೆ ನೋಡಿಕೊಳ್ಳುವುದು ಯಾರ ಹೊಣೆ ಎಂಬುದನ್ನೂ ಸಭೆಯಲ್ಲಿ ಬರೆಸಿಕೊಳ್ಳಿ.

ಅಪಘಾತದ ನಂತರದ ಹೊತ್ತನ್ನು ನಮ್ಮ ಇಂಜಿನಿಯರುಗಳು ವೈದ್ಯರಿಗೆ ಬಿಟ್ಟು ಸುಮ್ಮನಾಗುತ್ತಾರೆ. ಆಸ್ಪತ್ರೆ ಮುಟ್ಟುವ ಮೊದಲೇ ರಕ್ತ ಸೋರಿ, ಉಸಿರುಗಟ್ಟಿ ಸಾಯುವವರು ಅನೇಕರು. ಹೆದ್ದಾರಿ ಬದಿಯಲ್ಲಿ ದಿನವಿಡೀ ಇರುವ ಇಪ್ಪತ್ತು ಮೂವತ್ತು ಜನರಿಗೆ ರಕ್ತಸ್ರಾವವಾಗುವ ಗಾಯವನ್ನು ಬಿಗಿಯಾಗಿ ಒತ್ತಿ ಹಿಡಿಯುವುದು, ಪ್ರಜ್ಞೆ ತಪ್ಪಿದವರ ಉಸಿರಿನ ದಾರಿ ತೆರೆದಿಡುವುದು, ಕುತ್ತಿಗೆ ತಿರುಚದಂತೆ ಎತ್ತುವುದು ಇಷ್ಟನ್ನು ಕಲಿಸಲು ಒಂದು ದಿನ ಸಾಕು. ಇದರಲ್ಲಿಯೂ ಒಂದು ಅಪಾಯವಿದೆ, ಎಲ್ಲರೂ ಸೇರಿ ಗಾಯಾಳುವನ್ನು ಎಳೆದಾಡುವುದು. ಆದ್ದರಿಂದ ತರಬೇತಿ ವೈದ್ಯಕೀಯ ಸಿಬ್ಬಂದಿಯಿಂದಲೇ ಆಗಲಿ.

ಸಭೆಗೆ ಬರಿಗೈಯಲ್ಲಿ ಹೋಗಬೇಡಿ. ಪೊಲೀಸ್ ದಾಖಲೆಯ ಜೊತೆಗೆ ಆಸ್ಪತ್ರೆಯ ದಾಖಲೆಯನ್ನೂ ಕೇಳಿ, ಏಕೆಂದರೆ ವಾರದ ನಂತರ ಆಸ್ಪತ್ರೆಯಲ್ಲಿ ಸತ್ತವರು ಮೊದಲನೆಯದರಲ್ಲಿ ಬಿಟ್ಟುಹೋಗಿರುವುದುಂಟು. ಮೂರು ವರ್ಷಗಳ ಸಾವು ನೋವುಗಳನ್ನು ಊರಿನ ನಕ್ಷೆಯ ಮೇಲೆ ಚುಕ್ಕೆ ಹಾಕಿ ಗುರುತಿಸಿ, ಪ್ರತಿ ಚುಕ್ಕೆಯ ಪಕ್ಕದಲ್ಲಿ ಸಮಯ, ಬಗೆ, ಬೆಳಕಿನ ಸ್ಥಿತಿ ಬರೆಯಿರಿ. ವೇಗವನ್ನೂ ನೀವೇ ಅಳೆಯಬಹುದು. ರಸ್ತೆ ಬದಿಯಲ್ಲಿ ನೂರು ಮೀಟರ್ ಅಂತರದಲ್ಲಿ ಎರಡು ಗುರುತು ಮಾಡಿಕೊಂಡು, ರಸ್ತೆಗಿಳಿಯದೆ ಸುರಕ್ಷಿತ ಜಾಗದಲ್ಲಿ ನಿಂತು ಸ್ಟಾಪ್‌ವಾಚ್ ಹಿಡಿಯಿರಿ. ಆ ದೂರವನ್ನು 12 ಸೆಕೆಂಡಿನಲ್ಲಿ ದಾಟಿದ ವಾಹನದ ವೇಗ 30 ಕಿ.ಮೀ., 7.2 ಸೆಕೆಂಡಿನಲ್ಲಿ ದಾಟಿದ್ದು 50, 4.5 ಸೆಕೆಂಡಿನಲ್ಲಿ ದಾಟಿದ್ದು 80. ಮುಂದಿನ ವಾಹನದ ಬೆನ್ನಿಗೆ ಸಿಕ್ಕಿಕೊಳ್ಳದೆ ಬರುವ ನೂರು ವಾಹನಗಳನ್ನು ಅಳೆದು, ವೇಗದ ಏರಿಕೆಯ ಕ್ರಮದಲ್ಲಿ ಜೋಡಿಸಿ, ಎಂಬತ್ತೈದನೆಯದನ್ನು ನೋಡಿ. ಇಂಜಿನಿಯರುಗಳು ವೇಗದ ಬಗ್ಗೆ ಮಾತನಾಡುವುದು ಆ ಸಂಖ್ಯೆಯನ್ನು ಹಿಡಿದು. ನೀವೂ ಅದೇ ಭಾಷೆಯಲ್ಲಿ ಮಾತನಾಡಿದರೆ ಕೋಣೆಯ ಗಾಳಿಯೇ ಬದಲಾಗುತ್ತದೆ.

ಲೆಕ್ಕದ ವಿಷಯದಲ್ಲಿ ಒಂದು ಎಚ್ಚರಿಕೆ. ಒಂಬತ್ತು ಸಾವಿನ ವರ್ಷದ ನಂತರ ಯಾರೂ ಏನೂ ಮಾಡದಿದ್ದರೂ ಮುಂದಿನ ವರ್ಷ ಐದೋ ಆರೋ ಆಗಬಹುದು, ಸಣ್ಣ ಸಂಖ್ಯೆಗಳ ಸ್ವಭಾವವೇ ಹಾಗೆ. ಆಗ ಜಾಥಾ ಮಾಡಿದವರು ಜಾಥಾದಿಂದ ಎನ್ನುತ್ತಾರೆ, ಹಂಪ್ ಹಾಕಿದವರು ಹಂಪಿನಿಂದ ಎನ್ನುತ್ತಾರೆ. ಇಬ್ಬರನ್ನೂ ತಕ್ಷಣ ನಂಬಬೇಡಿ. ಸಾವಿನ ಸಂಖ್ಯೆ ಉತ್ತರ ಕೊಡಲು ವರ್ಷಗಳು ಬೇಕು. ವೇಗವಾದರೋ ಕಾಮಗಾರಿ ಮುಗಿದ ವಾರದಲ್ಲೇ ಉತ್ತರ ಕೊಡುತ್ತದೆ.

ಇನ್ನು ಆ ಒಂದೇ ಬೇಡಿಕೆ. ಶಾಲೆಯ ಮುಂದೆ ಮತ್ತು ಬಸ್ಸು ನಿಲ್ಲುವಲ್ಲಿ, ಪಟ್ಟಣದ ಎರಡೂ ತುದಿಗಳಿಂದ ಹಂತ ಹಂತವಾಗಿ ವೇಗ ಇಳಿಸಿಕೊಂಡು ಬರುವ ಏರ್ಪಾಡಿನೊಂದಿಗೆ, ನಡುವೆ ನಿಲ್ಲಲು ಜಾಗವಿರುವ, ದೀಪವಿರುವ ಎತ್ತರಿಸಿದ ದಾಟುಪಟ್ಟಿಗಳನ್ನು ಕೇಳಿ. ಫಲಕದಲ್ಲಿ ಎಷ್ಟು ಬರೆಯುತ್ತೀರಿ ಎಂದು ಕೇಳಬೇಡಿ. ಆ ಜಾಗದಲ್ಲಿ ಎಂಬತ್ತೈದನೆಯ ವಾಹನದ ವೇಗ 30ರ ಒಳಗೆ ಇರಬೇಕು ಎಂದು ನಡಾವಳಿಯಲ್ಲಿ ಬರೆಸಿ. ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್ ಎಂದು ತಿಂಗಳುಗಳು ಹಿಡಿಯುತ್ತವೆ ಎಂದರೆ, ಅಲ್ಲಿಯವರೆಗೆ ರಂಬಲ್ ಸ್ಟ್ರಿಪ್ ಹಾಕಿ, ನೀರು ತುಂಬಿದ ಪ್ಲಾಸ್ಟಿಕ್ ತಡೆಗಳಿಂದ ಪಥದ ಅಗಲ ಕುಗ್ಗಿಸಿ ತಾತ್ಕಾಲಿಕ ವ್ಯವಸ್ಥೆ ಮಾಡಲು ಕೆಲವೇ ದಿನಗಳು ಸಾಕೆಂದು ನೆನಪಿಸಿ; ಆ ತಡೆಗಳಿಗೆ ಹೊಳೆಯುವ ಪಟ್ಟಿ ಇಲ್ಲದೆ ಒಂದು ರಾತ್ರಿಯೂ ಬಿಡಬಾರದು. ಕೆಲಸ ಮುಗಿದ ಮೇಲೆ ಅದೇ ಎರಡು ಗುರುತುಗಳ ನಡುವೆ, ಅದೇ ಹೊತ್ತಿನಲ್ಲಿ ಇನ್ನೊಂದು ನೂರು ವಾಹನಗಳನ್ನು ಅಳೆಯಿರಿ; ಸಾಧ್ಯವಾದರೆ ಇಂಜಿನಿಯರರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರ ಕೈಗೇ ಸ್ಟಾಪ್‌ವಾಚ್ ಕೊಡಿ.